ಗುಲಾಬಿ ಮನೆಯ ಚಳಿ

ಹಾಸಿಗೆ ತಣ್ಣಗಿದ್ದಷ್ಟೂ ಕಾಲು ಮಡಚು ಎಂದು ಹಿರಿಯರು ಹೇಳಿದ್ದಾರೆ. ಹೇಳಿಲ್ಲವೆಂದರೆ ಅವರು ಫ್ರಾನ್ಸಿನ ಜುರಾ ಬೆಟ್ಟದ ಚಳಿ ಕಂಡಿಲ್ಲ, ಅಷ್ಟೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ; ಇಲ್ಲಿ ಗಾದೆ ಸುಳ್ಳು, ಕಥೆ ಮಾತ್ರ ಅಪ್ಪಟ ನಿಜ.

ಮನೆ ಬೆಚ್ಚಗಿಡುತ್ತಿದ್ದ ಎಣ್ಣೆ ಬಾಯ್ಲರ್ ಪ್ರಾಣ ಬಿಟ್ಟ ಮೇಲೆ ಆನ್ಸೆಲ್ಮ್ ಬೊಬಿಲ್ಯೆಯೂ ಅವನ ಹೆಂಡತಿ ಸೊಲಾಂಜಳೂ ಕಾಲು ಮಡಚಿ ಮಡಚಿ ಎರಡು ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರು. ಅವಳ ಬೆರಳ ಗೆಣ್ಣುಗಳು ಊದಿಕೊಂಡು, ಬ್ರೆಡ್ಡು ಕೊಯ್ಯುವುದಕ್ಕೂ ಕೈಗವಸು ಬೇಕಾಗುತ್ತಿತ್ತು. ಹೊರಗಿನ ಹಿಮಗಾಳಿಯಿಂದಲೇ ಬಿಸಿ ಹಿಂಡಿ ಒಳಗೆ ತರುವ ಹೀಟ್ ಪಂಪ್ ಕೊಳ್ಳಲು ಸರ್ಕಾರ ನೆರವು ಕೊಡುತ್ತಿತ್ತು. ಆದರೆ ಆ ನೆರವಿಗೆ ಬಣ್ಣವಿತ್ತು. ತೆರಿಗೆ ಕಾಗದದ ಆದಾಯ, ಮನೆಯಲ್ಲಿರುವ ತಲೆಗಳು, ಎರಡನ್ನೂ ನೋಡಿ ಸಂಸಾರಕ್ಕೊಂದು ಬಣ್ಣ: ತೀರಾ ಕಡಿಮೆ ಆದಾಯಕ್ಕೆ ನೀಲಿ, ಆಮೇಲೆ ಹಳದಿ, ನೇರಳೆ, ಉಳ್ಳವರಿಗೆ ಗುಲಾಬಿ. ನೀಲಿಗೆ ನೆರವು ಹೊಳೆಯಾಗಿ ಹರಿದರೆ ಗುಲಾಬಿಗೆ ಪನ್ನೀರಿನ ಹನಿಯೂ ಇಲ್ಲ.

"ಇರೋದು ಇಬ್ರು. ನಿಮ್ದೊಂದು ಪಿಂಚಣಿ, ನಂದು ಅರ್ಧ. ಆಕಾಶಕ್ಕಿಂತ ನೀಲಿ ಕಣ್ರೀ ನಾವು," ಎಂದು ಸೊಲಾಂಜ್ ಅಂದಾಜು ಮುಗಿಸಿದಳು.

ಬದುಕಿಡೀ ಬೇರೆಯವರ ನೆಲಮಾಳಿಗೆಯಲ್ಲಿ ಗಾಲಿಯಂಥ ಚೀಸ್ ಗಡ್ಡೆಗಳನ್ನು ಒರೆಸಿ ತಿರುವಿ ಹಾಕಿದವನು ಆನ್ಸೆಲ್ಮ್. ಭಾನುವಾರ ಕೆಫೆಯಲ್ಲಿ ಎಲ್ಲರ ಗ್ಲಾಸೂ ತುಂಬಿಸುತ್ತಿದ್ದವನೂ ಅವನೇ. ಹೋದ ಭಾನುವಾರ ಬೇಕರಿಯ ಫೆರ್ನಾನ್ "ನಮ್ದು ಗುಲಾಬಿ" ಎಂದಾಗ ಇವನ ಬಾಯಿಂದಲೂ "ನಮ್ದೂ" ಎಂದು ಜಾರಿತ್ತು. ಈ ನೆರವಿನ ಸಲಹೆಗಾರ್ತಿ ಮದಾಮ್ ಜಾನೆ ಕೂರುವುದು ಕೆಫೆಯೆದುರಿನ ಪುರಭವನದಲ್ಲಿ. ಅರ್ಜಿ ಹಾಕಿದವರ ಕೈಗೆ ಅವರವರ ಬಣ್ಣದ್ದೇ ಕಡತ ಕೊಟ್ಟು ಕಳಿಸುತ್ತಿದ್ದಳು. ನಾಳೆ ಬಿಟ್ಟರೆ ಈ ಚಳಿಗಾಲದಲ್ಲಿ ಅವಳು ಮತ್ತೆ ಬರುವುದಿಲ್ಲ.

"ನೀಲಿ ಕಡತ ಕಂಕುಳಲ್ಲಿಟ್ಕೊಂಡು ಆ ಬೀದಿ ದಾಟೋದಾ? ಸತ್ರೂ ಇಲ್ಲ."

"ಅದಕ್ಕೇನು ತಡವಿಲ್ಲ ಬಿಡಿ, ಇನ್ನೊಂದು ವಾರ ಇದೇ ಚಳಿ ಇರ್ಲಿ," ಎಂದಳು ಸೊಲಾಂಜ್, ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು.

ಮಧ್ಯಾಹ್ನ ಸತ್ತ ಬಾಯ್ಲರಿನ ಪಕ್ಕದಲ್ಲೇ ಅವನಿಗೆ ಜೊಂಪು ಹತ್ತಿತು. ಕನಸಿನಲ್ಲಿ ಊರು ಮಂಜಿನೊಳಗೆ ದೀಪಗಳಂತೆ ತೇಲುತ್ತಿತ್ತು. ನೀಲಿ ಮನೆಗಳ ಚಿಮಣಿಯಿಂದ ನೀಲಿ ಉಸಿರು. ಹಸುಗಳೂ ನೀಲಿ, ಅವುಗಳ ಗಂಟೆಯ ಸದ್ದೂ ನೀಲಿ. ಒಂದು ಕಿಟಕಿಯೊಳಗೆ ಸೊಲಾಂಜ್ ಬರಿಗೈಯಲ್ಲಿ ಹಿಟ್ಟು ನಾದುತ್ತಿದ್ದಳು. ಬೆರಳುಗಳು ಮದುವೆಯ ದಿನದಷ್ಟು ಸಪೂರ. ಇವನು ಹೊರಗೆ, ಗುಲಾಬಿ ಕೋಟಿನಲ್ಲಿ, ಮೊಣಕಾಲುದ್ದ ಹಿಮದಲ್ಲಿ. ಬಾಗಿಲು ತಟ್ಟಲು ಕೈ ಎತ್ತಿದರೆ ಕೈಯೇ ಗುಲಾಬಿ ದಳಗಳಾಗಿ ಉದುರಿಹೋಯಿತು. ಎಚ್ಚರವಾದಾಗ ಗಡ್ಡಕ್ಕೆ ಮಂಜು ಕಟ್ಟಿತ್ತು.

ಆ ಕನಸನ್ನು ಹೊತ್ತುಕೊಂಡೇ ಸಂಜೆ ಕೆಫೆಗೆ ಹೋದ. ಗಾಜಿನಾಚೆ ಹಿಮ ಹತ್ತಿಯಂತೆ ಇಳಿಯುತ್ತಿತ್ತು. ಸೊಲಾಂಜಳ ತಮ್ಮ ರೆಮಿ "ಬಾ ಭಾವ, ಕೂತ್ಕೋ" ಎಂದು ಕುರ್ಚಿ ಬಿಟ್ಟುಕೊಟ್ಟು ಅಡುಗೆಮನೆ ಕಡೆ ನಡೆದ. ಪಾದ್ರಿಯಿಂದ ಹಿಡಿದು ಪಾದ್ರಿಯ ಕತ್ತೆಯವರೆಗೆ ಯಾರ ದನಿಯನ್ನೂ ಅಣಕಿಸದೆ ಬಿಡದ ಆಸಾಮಿ ಈ ರೆಮಿ. ಅವನು ಮರೆಯಾದದ್ದೇ ತಡ, ಆನ್ಸೆಲ್ಮನ ಮೊಬೈಲ್ ಬಡಿದುಕೊಂಡಿತು. ಕಿವಿ ಮಂದವಾದ್ದರಿಂದ ಅವನ ಫೋನು ಯಾವಾಗಲೂ ಊರಿಗೆಲ್ಲ ಕೇಳುವಂತೆಯೇ ಮಾತಾಡುವುದು.

"ಮೊಸ್ಯೆ ಬೊಬಿಲ್ಯೆ ಅಲ್ವಾ? ನಾನು ಮದಾಮ್ ಜಾನೆ," ಎಂದಿತು ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಸಾಯುವ ದನಿ. "ತಾವು ಗುಲಾಬಿಯಂತೆ, ಕೆಫೆಯಲ್ಲೇ ಹೇಳಿದ್ರಂತೆ. ಅಭಿನಂದನೆ!"

ಎಲ್ಲರೂ ಇತ್ತ ತಿರುಗಿದರು. "ಹ್ಞಾಂ... ಹಾಗೇ ಅಂದ್ಕೊಳ್ಳಿ," ಎಂದ ಆನ್ಸೆಲ್ಮ್.

"ಹಾಗಾದ್ರೆ ಒಂದು ಸಣ್ಣ ನಿಯಮ. ಚಳಿ ಮುಗಿಯೋವರೆಗೂ ಪ್ರತಿ ಗುಲಾಬಿ ಮನೆ ಒಬ್ಬ ಬಡವನ್ನ ಸಾಕ್ಬೇಕು. ನಿಮ್ಮ ಪಾಲಿಗೆ ರೆಮಿ ಅಂತ ಬಂದಿದ್ದಾರೆ. ಮೂರು ನಾಯಿ ಇವೆಯಂತೆ. ಬೆಳಿಗ್ಗೆ ಎದ್ದು ತುತ್ತೂರಿ ಊದೋ ಅಭ್ಯಾಸವೂ ಇದೆ."

"ರೆಮೀನಾ! ಅಯ್ಯೋ, ಬೇಡ ತಾಯಿ!"

"ಗುಲಾಬಿ ಅಂದ್ಮೇಲೆ ಮುಳ್ಳು ಇರುತ್ತಲ್ವಾ ಮೊಸ್ಯೆ?"

"ಗುಲಾಬಿ ಅಲ್ಲ ನಾನು! ನೀಲಿ! ಅಪ್ಪಟ ನೀಲಿ! ನನ್ನ ಹೆಂಡ್ತಿ ಬೆರಳು ನೋಡು ಬಾ, ಅವೂ ನೀಲಿಯಾಗಿವೆ. ನಾಳೆ ನಾನೇ ಬರ್ತೀನಿ, ಅವಳಿಗೆ ಆ ಯಂತ್ರ ಕೊಡ್ಸಮ್ಮಾ!"

ಅಡುಗೆಮನೆಯ ಬಾಗಿಲು ಕಿರ್ರೆಂದಿತು; ಫೋನನ್ನು ಕಿವಿಗೆ ಒತ್ತಿಕೊಂಡೇ ರೆಮಿ ಹೊರಬಂದ. "ಹಾಗೇ ಆಗ್ಲಿ ಮೊಸ್ಯೆ," ಎಂದ, ಅದೇ ಮೂಗಿನಲ್ಲಿ. ಮಾತು ಎರಡು ಕಡೆಯಿಂದ ಕೇಳಿತು: ಅವನ ಬಾಯಿಂದ, ಆನ್ಸೆಲ್ಮನ ಕೈಯಿಂದ.

ಆನ್ಸೆಲ್ಮನ ಮುಖ ಮೊದಲು ಬಿಳಿ, ಆಮೇಲೆ ನಿಜಕ್ಕೂ ಗುಲಾಬಿ. ಯಾರೂ ನಗಲಿಲ್ಲ. ಮೂಲೆಯಿಂದ ಫೆರ್ನಾನ್ ಕೆಮ್ಮಿದ.

"ನಂದೂ ನೀಲೀನೇ ಮಾರಾಯ. ನಾಳೆ ಹಿಂಬಾಗ್ಲಿಂದ ಹೋಗಿ ಬರೋಣ ಅಂತಿದ್ದೆ."

ಆನ್ಸೆಲ್ಮ್ ಅವನನ್ನೇ ದಿಟ್ಟಿಸಿದ. ಎದೆಯೊಳಗೆ ಏನೋ ಕರಗಿ ತೊಟ್ಟಿಕ್ಕಿದಂತಾಯಿತು.

"ಹಿಂಬಾಗ್ಲು ಯಾಕೋ, ಗುಲಾಬಿ ಸಾಹೇಬ? ಮುಂದಿನ ಬಾಗ್ಲಲ್ಲೇ ಹೋಗೋಣ. ಕೈಕೈ ಹಿಡ್ಕೊಂಡು, ಮದುವೆ ಜೋಡಿ ಥರ. ಈ ರೆಮಿ ಮುಂದೆ ತುತ್ತೂರಿ ಊದ್ಲಿ!"

ಕೆಫೆ ಕೆಫೆಯೇ ಭೋರ್ಗರೆಯಿತು. ಎಲ್ಲರನ್ನೂ ಮೀರಿಸಿ, ಮೇಜು ಗುದ್ದಿ ಗುದ್ದಿ ನಕ್ಕವನು ಆನ್ಸೆಲ್ಮ್. ಅವನ ನಗುವಿಗೆ ಮಾಡಿನ ಹಿಮ ಮೆಲ್ಲಗೆ ಜಾರಿ, ಕಿಟಕಿಯಾಚೆಯ ಸಂಜೆಯ ನೀಲಿಯೊಳಗೆ ಬಿತ್ತು.