ಟ್ರೆಬಲ್ ಗುಂಡಿ

"ತಪ್ಪೆಲ್ಲ ಈ ಸ್ಪೀಕರಿಂದೇ," ಎಂದು ಬೇಸ್ ಗಿಟಾರಿನವನು ಮತ್ತೆ ಹೇಳಿದ. "ಗಂಟಲು ಕಟ್ಟಿದವರ ಹಾಗೆ ಮಾತಾಡುತ್ತೆ."

ರಿಪೇರಿ ಅಂಗಡಿಯವನು ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚತೊಡಗಿದ. ಗಿಟಾರಿನವನ ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದಳು. ಅವನ ಬ್ಯಾಂಡಿನಲ್ಲೇ ಹಾಡುವವಳು ಅವಳು. ಕೆಲವು ತಿಂಗಳಿಂದ ಗಂಡ ಆಂಪ್ಲಿಫೈಯರಿನಲ್ಲಿ ಕೀಚಲು ದನಿ ಹೆಚ್ಚಿಸುವ ಟ್ರೆಬಲ್ ಗುಂಡಿಯನ್ನು ಏರಿಸುತ್ತಲೇ ಬಂದಿದ್ದ. ಎದೆಯೊಳಗೆ ಗುಂಯ್ಗುಡಬೇಕಾದ ತಂತಿ ಈಗ ತಗಡು ಬಡಿದಂತೆ ಕಟಕಟ ಎನ್ನುತ್ತಿತ್ತು. ಬೆರಳು ಕೊಂಚ ಜಾರಿದರೂ ಕಿರ್ರೆನ್ನುತ್ತಿತ್ತು. ನಿನ್ನೆ ಅಭ್ಯಾಸದ ನಡುವೆ, ಡ್ರಮ್ ಬಾರಿಸುವ ಅವಳ ತಮ್ಮ ಕಡ್ಡಿಗಳನ್ನು ಕೆಳಗಿಟ್ಟುಬಿಟ್ಟಿದ್ದ. "ಭಾವ, ಹೀಗೇ ಆದ್ರೆ ಬೇರೆಯವ್ರನ್ನ ನೋಡ್ಕೋಬೇಕಾಗುತ್ತೆ."

ಅಂಗಡಿಯವನು ಮೊದಲು ಕೀಚಲು ದನಿಗೆಂದೇ ಇರುವ ಪುಟ್ಟ ಟ್ವೀಟರಿನ ವೈರು ಕಳಚಿದ. "ನುಡಿಸಿ ಸರ್."

ದೊಡ್ಡ ಸ್ಪೀಕರಿನಿಂದಷ್ಟೇ ದನಿ ಬಂತು. ದುಂಡಗೆ, ಮೆತ್ತಗೆ, ಮೇಜಿನ ಮೇಲಿನ ಸ್ಕ್ರೂಗಳನ್ನು ನಡುಗಿಸುತ್ತ. ಹೆಂಡತಿ ಹಾಯಾಗಿ ಉಸಿರುಬಿಟ್ಟಳು.

"ಏನೂ ಬದಲಾಗ್ಲಿಲ್ವಲ್ಲ," ಎಂದ ಗಂಡ. "ಅದೇ ಮಂಕು."

ಅಂಗಡಿಯವನು ಒಮ್ಮೆ ಅವನ ಮುಖ ನೋಡಿದ. ದೊಡ್ಡದನ್ನು ಕಳಚಿ, ಟ್ವೀಟರನ್ನು ಮಾತ್ರ ಜೋಡಿಸಿದ. "ಈಗ?"

ಅವನು ಮೀಟಿದ. ಸೂಜಿಯಂಥ ಆ ಸದ್ದಿಗೆ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡಳು.

"ನೋಡಿದ್ರಾ?" ಅವನು ಗೆದ್ದವನಂತೆ ತಲೆಯೆತ್ತಿದ. "ಸತ್ತೇ ಹೋಗಿದೆ ಅದು!"

ಅವನ ಕಣ್ಣು ಹೆಂಡತಿಯ ಕೈಗಳ ಮೇಲೆ ಬಿತ್ತು. ಅವಳು ಗಡಬಡಿಸಿ ಕೆಳಗಿಳಿಸಿದಳು.

"ವೈರು ಇನ್ನೊಂದ್ಸಲ ನೋಡಿ," ಎಂದ, ದನಿ ತಗ್ಗಿಸಿ.

"ನೋಡಿದೆ ಸರ್. ಸರಿಯಾಗೇ ಇದೆ."

ವಾಪಸು ಬರುವಾಗ ಅವನು ಹೆಂಡತಿಯನ್ನು ಕೇಳಿದ.

"ನಿಂಗೆ ಗೊತ್ತಿತ್ತಾ?"

"ಅಲಾರಂ ಕಿರುಚ್ಕೊಳ್ತಿದ್ರೂ ಆರಾಮಾಗಿ ಮಲಗಿರ್ತಿದ್ರಲ್ಲ, ಆಗ್ಲೇ ಅನುಮಾನ ಬಂತು."

"ಹೇಳ್ಬಾರ್ದಿತ್ತೇನೆ?"

"ಕಿವಿ ಡಾಕ್ಟರ್ ಅಂದ್ರೆ ಸಾಕು, ಮೈಮೇಲೆ ಬರ್ತಿದ್ರಿ."

"ಬ್ಯಾಂಡ್ ಬಿಟ್ಟುಬಿಡ್ತೀನಿ."

"ಬಿಡೋದಾದ್ರೆ ನಾಳೆ ಬಿಡಿ. ಇವತ್ತು ಅಭ್ಯಾಸ ಇದೆ. ನಾನು ಯಾರ ಬೇಸ್ ನಂಬ್ಕೊಂಡು ಹಾಡ್ಲಿ?"

ಸಂಜೆ ಅವನು ಗಿಟಾರು ಹೆಗಲಿಗೇರಿಸಿದನಾದರೂ ಆಂಪ್ಲಿಫೈಯರನ್ನು ಮುಟ್ಟಲಿಲ್ಲ. ಭಾವಮೈದ ನೋಡುತ್ತಿದ್ದಂತೆಯೇ, "ಕಿವಿ ಕೈಕೊಟ್ಟಿದೆ ಕಣೋ," ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಎಷ್ಟಿರ್ಬೇಕೋ ನೀನೇ ಇಡು."

ಭಾವಮೈದ ಕಡ್ಡಿಗಳನ್ನು ಕೈಯಲ್ಲೇ ಹಿಡಿದು ಕಾದ. ಅವಳು ಆಂಪ್ಲಿಫೈಯರಿನ ಮುಂದೆ ಮಂಡಿಯೂರಿದಳು. ಅವನು ಅವಳ ಮುಖವನ್ನೇ ನೋಡುತ್ತ ತಂತಿ ಮೀಟಿದ. ಅವಳ ಹುಬ್ಬು ಗಂಟಿಕ್ಕಿತು. ಅವಳು ಗುಂಡಿಯನ್ನು ಹಿಂದಕ್ಕೆ ತಿರುಗಿಸಿದಳು. ಅವನು ಮತ್ತೆ ಮೀಟಿದ. ಅವಳು ಇನ್ನಷ್ಟು ತಿರುಗಿಸಿದಳು. ಅವಳ ಹುಬ್ಬು ನಿಧಾನವಾಗಿ ಸಡಿಲಗೊಂಡು, ಕಣ್ಣು ತಾನಾಗಿ ಮುಚ್ಚುವವರೆಗೂ ಅವನು ಅದೊಂದೇ ಸ್ವರವನ್ನು ನುಡಿಸುತ್ತಿದ್ದ.