ಸುಟ್ಟುಹೋದ ಕುರ್ಚಿ

ಬಟ್ಟೆ ವ್ಯಾಪಾರಿ ವಿಮೆ ಹಣದ ಆಸೆಗೆ ತನ್ನ ಗೋದಾಮಿಗೆ ತಾನೇ ಬೆಂಕಿ ಇಡಿಸಿದ್ದ. ವಿಮೆ ಕಂಪನಿಯವರ ಬಾಯಿ ಮುಚ್ಚಿಸಿದವನು ಮಂತ್ರಿಯಾಗಿದ್ದ ಅವನ ಭಾವ, ಅಂದರೆ ಅಕ್ಕನ ಗಂಡ. ವಿರೋಧ ಪಕ್ಷದವರು ಇದರ ವಾಸನೆ ಹಿಡಿದು ರಂಪ ಎಬ್ಬಿಸಿದ್ದರಿಂದ ಭಾವ ಇವತ್ತು ಅವನನ್ನು ನಿರಪರಾಧಿ ಎಂದು ತೋರಿಸಲು ಟಿವಿಯವರ ದಂಡು ಕಟ್ಟಿಕೊಂಡು ಮನೆಗೇ ಬಂದಿದ್ದ.

ನೇರಪ್ರಸಾರ ಶುರುವಾಗುತ್ತಲೇ ವ್ಯಾಪಾರಿ ಕ್ಯಾಮೆರಾದ ಮುಂದೆ ಕೈ ಮುಗಿದ.

"ಸರಕು ಹಾಳಾಗ್ಲಿ ಬಿಡಿ. ನಮ್ಮಪ್ಪ ಕೂತು ವ್ಯಾಪಾರ ಮಾಡ್ತಿದ್ದ ಕುರ್ಚೀನೂ ಸುಟ್ಟೋಯ್ತು. ಯಾವ ಮಗ ತಾನೇ ಅದಕ್ಕೆ ಬೆಂಕಿ ಇಡ್ತಾನೆ?"

ವರದಿಗಾರ್ತಿಯ ದನಿ ಮೆತ್ತಗಾಯಿತು. ಭಾವ ತಲೆದೂಗಿದ. ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು.

ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಈ ಮಾತೊಂದೂ ಕೇಳಿಸಿರಲಿಲ್ಲ. ಮನೆಗೆ ಬಂದ ಅಳಿಯಂದಿರು ನಿಂತೇ ಇದ್ದಾರೆ ಎಂಬುದಷ್ಟೇ ಅವಳಿಗೆ ಕಂಡಿತ್ತು. ಮಗ ಹಳೇ ಚಾಪೆ ಮುಚ್ಚಿ ಹಿಂದಿನ ಕೋಣೆಯಲ್ಲಿ ಅಡಗಿಸಿಟ್ಟಿದ್ದ ಮರದ ಕುರ್ಚಿಯನ್ನು ದರದರ ಎಳೆದು ತಂದು, ಸೆರಗಿನಿಂದ ಒರೆಸಿದಳು.

"ಕೂತ್ಕೊಳ್ಳಿ, ನಿಮ್ಮ ಮಾವನವರ ಕುರ್ಚಿ. ಬೆಂಕಿ ಬೀಳೋ ಹಿಂದಿನ ದಿನಾನೇ ಇವನು ಮನೆಗೆ ತಂದಿಟ್ಟಿದ್ದ, ನಮ್ಮ ಪುಣ್ಯ!"

ಕ್ಯಾಮೆರಾಗಳೆಲ್ಲ ಕುರ್ಚಿಯತ್ತ ತಿರುಗಿದವು. ಭಾವ ಬಾಗಿಲತ್ತ ತಿರುಗಿದ.

"ಅಯ್ಯೋ, ಕೂರದೇ ಹೊರಟ್ರಲ್ಲ!" ಅಮ್ಮ ಪೇಚಾಡಿಕೊಂಡಳು. "ನೀನ್ಯಾಕೋ ಹಿಂಗೆ ನಡುಗ್ತಿದೀಯ? ನೀನಾದ್ರೂ ಕೂತ್ಕೊ."

ಇಡೀ ನಾಡು ನೋಡುತ್ತಿದ್ದಂತೆ, ವ್ಯಾಪಾರಿ ಆ ಸುಟ್ಟುಹೋದ ಕುರ್ಚಿಯಲ್ಲಿ ಕುಸಿದು ಕೂತ.