ಮೂರನೆಯ ಕೂಸು

ಹುಟ್ಟಿದ ನಾಲ್ಕನೆಯ ದಿನ ಬೆಳಿಗ್ಗೆ ಗುರಮ್ಮನ ಮಗಳು ಮೊಲೆ ಬಾಯಿಗಿಟ್ಟರೂ ಚೀಪಲಿಲ್ಲ. ಅಳಲೂ ಇಲ್ಲ. ಎತ್ತಿಕೊಂಡ ನರ್ಸ್ ಜಯಲತಾಳ ಅಂಗೈಗೆ ಪುಟ್ಟ ಪಾದಗಳು ತಣ್ಣಗೆ ತಾಗಿದವು. ಹೊಟ್ಟೆ ಉಬ್ಬಿತ್ತು. ಠಾಣೆ ಜಿಲ್ಲೆಯ ಕಲ್ಯಾಣದ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಹತ್ತು ದಿನಗಳಲ್ಲಿ ಹೀಗಾದ ಮೂರನೆಯ ಕೂಸು ಅದು.

ಮೊದಲಿನ ಎರಡೂ ಸತ್ತಿದ್ದವು. ಎರಡರ ರಕ್ತದಲ್ಲೂ ಒಂದೇ ರೋಗಾಣು ಬೆಳೆದಿದೆಯೆಂದು ಲ್ಯಾಬಿನ ರಿಪೋರ್ಟ್ ಬಂದು ಎರಡು ದಿನವಾಗಿತ್ತು. ಒಂದೇ ಸಲೈನ್ ಬಾಟಲಿಗೆ ದಿನಗಟ್ಟಲೆ ಸೂಜಿ ಚುಚ್ಚಿ ಎಲ್ಲ ಕೂಸುಗಳಿಗೂ ಕೊಡುತ್ತಿದ್ದರು. ಕೊಡುತ್ತಿದ್ದವಳು ಜಯಲತಾಳೇ. ರಿಪೋರ್ಟ್ ಓದಿದ ಕೂಡಲೇ ಅವಳು ಡಾಕ್ಟರ್ ಪೃಥ್ವಿರಾಜನ ಬಳಿಗೆ ಓಡಿದ್ದಳು.

"ಕೂಸುಗಳ ನರ್ಸರಿ ಬಂದ್ ಮಾಡುವ ಸರ್."

"ಬಂದ್ ಮಾಡಿದ್ರೆ ನಾಳೆ ಇಲ್ಲಿಗೆ ಯಾರು ಬರ್ತಾರೆ? ನೀವು ಸುಮ್ನಿರಿ ಮಾರಾಯ್ರೆ."

ಅವಳು ಯಾರಿಗೂ ಹೇಳದೆ ನರ್ಸರಿಗೆ ಮರಳಿದಳು. ಆ ಸಂಜೆ ತೂಕ ಕಡಿಮೆಯೆಂದು ಗುರಮ್ಮನ ಮಗಳಿಗೂ ಅದೇ ಬಾಟಲಿಯಿಂದಲೇ ಕೊಟ್ಟಿದ್ದಳು.

ಹನ್ನೊಂದಕ್ಕೆ ಕೂಸಿನ ಮೂಗಿನಿಂದ ರಕ್ತ ಬಂತು. ಹನ್ನೆರಡೂವರೆಗೆ ಉಸಿರು ನಿಂತಿತು.

ಗುರಮ್ಮನ ಗಂಡ ಚಂದ್ರಾಮ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ. ಕೂಸಿಗೆ ಸೀರಿಯಸ್ ಎಂದು ಫೋನ್ ಹೋದಾಗ ಲಾರಿಗೆ ಸರಳು ಏರಿಸುತ್ತಿದ್ದ. ಜೊತೆಗೆ ದುಡಿಯುವ ಗುಲ್ಬರ್ಗಾ ಕಡೆಯ ಎಂಟು ಮಂದಿಯೊಡನೆ ಟೆಂಪೋದಲ್ಲಿ ಬಂದಿಳಿದಾಗ ಬಟ್ಟೆ ಸುತ್ತಿದ ಮಗಳು ಹೆಂಡತಿಯ ತೊಡೆಯ ಮೇಲಿದ್ದಳು.

"ಮೊದಲೇ ವೀಕ್ ಇತ್ತು. ದೇವರ ಇಚ್ಛೆ," ಎಂದ ಪೃಥ್ವಿರಾಜ್.

"ನಿನ್ನಿ ನನ್ನ ಬಟ್ಟ ಹಿಡದಿತ್ತಲ್ಲೋ! ಗಟ್ಟಿ ಹಿಡದಿತ್ತು!" ಚಂದ್ರಾಮ ತನ್ನ ಬೆರಳು ಎತ್ತಿ ತೋರಿಸಿದ.

ಚಂದ್ರಾಮ ಟೆಂಪೋದಿಂದ ಸರಳು ಎಳೆದು ತಂದ. ಮೊದಲ ಏಟಿಗೆ ಮೇಜಿನ ಗಾಜು ಒಡೆಯಿತು. ಎರಡನೆಯದಕ್ಕೆ ಅಡ್ಡ ಹಿಡಿದ ಡಾಕ್ಟರನ ಮುಂಗೈ ಮೂಳೆ ಲಟಕ್ಕೆಂದಿತು. ಕೆಳಗೆ ಬಿದ್ದವನ ಬೆನ್ನಿಗೆ, ಪಕ್ಕೆಗೆ ಒದೆಗಳು ಬಿದ್ದವು. ಬಸುರಿಯರು ಕಿರುಚುತ್ತ ಮೆಟ್ಟಿಲಿಳಿದು ಓಡಿದರು.

ಚಂದ್ರಾಮನ ತಮ್ಮ ಶಿವರಾಯ ಇನ್ನೊಂದು ಸರಳಿನಿಂದ ನರ್ಸರಿಯ ಗಾಜಿನ ಬಾಗಿಲು ಒಡೆದು ನುಗ್ಗಿದ. ಒಳಗೆ ಜಯಲತಾ ಮತ್ತೊಂದು ಕೂಸಿನ ಬಾಯಿಗೆ ರಬ್ಬರ್ ಚೀಲ ಹಿಡಿದು ಒತ್ತಿ ಒತ್ತಿ ಗಾಳಿ ಕೊಡುತ್ತಿದ್ದಳು. ಸರಳು ಅವಳ ಕಿವಿಯ ಮೇಲೆ ಬಿತ್ತು. ಅವಳು ಕೂಸಿನ ಮೇಲೆ ಬಾಗಿದಳು. ಕೈ ಮಾತ್ರ ಚೀಲ ಬಿಡಲಿಲ್ಲ. ಎರಡನೆಯ ಏಟು ಹೆಗಲಿಗೆ ಬಿತ್ತು. ಮೂರನೆಯದಕ್ಕೆ ಎತ್ತಿದ ಸರಳನ್ನು ಹಿಂದಿನಿಂದ ಯಾರೋ ಹಿಡಿದರು.

ಗುರಮ್ಮ. ಒಂದು ಕೈಯಲ್ಲಿ ಸತ್ತ ಮಗಳು, ಇನ್ನೊಂದರಲ್ಲಿ ಸರಳು.

"ಅದ್ಯಾರ ಕೂಸು?"

"ಬೇರೆಯವರದ್ದು. ಜೀವ ಉಂಟಮ್ಮ. ನಾನು ಕೈ ಬಿಟ್ರೆ ಸಾಯ್ತದೆ."

"ಬಿಡೋ ಶಿವರಾಯ! ಒಂದು ಸತ್ತಿದ್ದು ಸಾಲಲಿಲ್ಲೇನು ನಿನಗ? ಗಾಡಿ ತೆಗಿ. ಠಾಣೆ ಊರಿನ ದೊಡ್ಡ ದವಾಖಾನಿಗ ನಡಿ."

ಕೆಳಗೆ, ಅಷ್ಟರಲ್ಲಿ ಬಂದ ಪೊಲೀಸರು ಚಂದ್ರಾಮನನ್ನು ಕೆಡವಿ ಲಾಠಿಯಿಂದ ಬಡಿಯುತ್ತಿದ್ದರು. ಗುರಮ್ಮ ಆ ಕಡೆ ನೋಡಿದಳು, ನಿಲ್ಲಲಿಲ್ಲ. ಕೂಸು ಹಿಡಿದ ಜಯಲತಾ, ಗುರಮ್ಮ, ಶಿವರಾಯ ಹಿತ್ತಿಲ ಬಾಗಿಲಿನಿಂದ ಹೊರಟು ಟೆಂಪೋ ಹತ್ತಿದರು. ಠಾಣೆಯ ಮಾಜಿವಾಡಾ ಜಂಕ್ಷನ್ ದಾಟುವವರೆಗೂ ಶಿವರಾಯ ಹಾರ್ನಿನಿಂದ ಕೈ ತೆಗೆಯಲಿಲ್ಲ. ಹಿಂದೆ ಜಯಲತಾಳ ಕಿವಿಯಿಂದ ರಕ್ತ ಇಳಿದು ಬಿಳಿ ಸಮವಸ್ತ್ರ ತೋಯಿತು. ಅವಳ ಕೈ ಸೋತಾಗ ಗುರಮ್ಮ ಚೀಲ ಒತ್ತಿದಳು.

ಠಾಣೆಯ ಆಸ್ಪತ್ರೆಯ ಡಾಕ್ಟರಮ್ಮ ಏನಾಯಿತೆಂದು ಹಿಂದಿಯಲ್ಲಿ ಕೇಳಿದಳು. ಸುಳ್ಳು ಹೇಳಿದರೆ ತಪ್ಪು ಔಷಧಿ ಬೀಳುತ್ತಿತ್ತು. ಜಯಲತಾ ಎಲ್ಲ ಹೇಳಿದಳು: ರೋಗಾಣುವಿನ ಹೆಸರು, ಬಾಟಲಿ, ರಿಪೋರ್ಟ್ ಬಂದ ದಿನ.

ಹಿಂದಿ ಗುರಮ್ಮನಿಗೂ ತಿಳಿಯುತ್ತಿತ್ತು.

"ನಿನಗ ಮದಲೇ ಗೊತ್ತಿತ್ತು?"

"ಗೊತ್ತಿತ್ತು."

ಗುರಮ್ಮ ಹೊಡೆದಳು. ಒಡೆದ ಕಿವಿಯ ಮೇಲೇ, ಬಿಚ್ಚಿದ ಅಂಗೈಯಿಂದ, ಮತ್ತೆ ಮತ್ತೆ. ಜಯಲತಾ ಕೈ ಅಡ್ಡ ಹಿಡಿಯಲಿಲ್ಲ. ಕೊನೆಗೆ ಶಿವರಾಯನೇ ಅತ್ತಿಗೆಯನ್ನು ಎಳೆದುಕೊಂಡ.

"ಪೊಲೀಸರ ಮುಂದ ಇದನ್ನ ಹೇಳ್ತಿ?" ಗುರಮ್ಮ ಏದುಸಿರಿನಲ್ಲಿ ಕೇಳಿದಳು.

"ಹೇಳ್ತೇನೆ."

ಹೇಳಿದಳು. ಮೂರನೆಯ ದಿನ ನರ್ಸಿಂಗ್ ಹೋಮಿಗೆ ಸೀಲ್ ಬಿತ್ತು. ಪೃಥ್ವಿರಾಜನಿಗೆ ಜಾಮೀನು ಸಿಕ್ಕಿತು. ಚಂದ್ರಾಮ ಏಳು ತಿಂಗಳು ಒಳಗಿದ್ದ. ಜಯಲತಾಳಿಗೆ ಬಲಗಿವಿ ಮತ್ತೆ ಕೇಳಿಸಲಿಲ್ಲ, ಕಲ್ಯಾಣದಲ್ಲಿ ಅವಳಿಗೆ ಯಾರೂ ಕೆಲಸ ಕೊಡಲಿಲ್ಲ.

ಠಾಣೆಗೆ ಒಯ್ದ ಕೂಸು ಹತ್ತೊಂಬತ್ತು ದಿನ ಅಲ್ಲೇ ಇದ್ದು, ಬದುಕಿ ಮನೆಗೆ ಹೋಯಿತು.